ಜೌಗಿಗೆ ಹೊಡೆದ ಗೂಟಗಳು

ವೈಗಾನಿ, ಪೋರ್ಟ್ ಮೋರ್ಸ್‌ಬಿ
8 ಫೆಬ್ರವರಿ 1999

ಪ್ರೀತಿಯ ಅಕ್ಕ ಡೋರ್ಕಸ್‌ಗೆ,

ನನ್ನ ಕೈಬರಹ ಕಂಡು ನೀನು ಲಕೋಟೆಯನ್ನು ಒಡೆಯುವ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಇಷ್ಟು ವರ್ಷ ಬರೆಯದವನು ಈಗ ಬರೆದಿದ್ದಾನೆಂದರೆ ಏನೋ ಕೆಲಸವಿರಬೇಕು ಅಂದುಕೊಂಡಿರುತ್ತೀಯ. ಕೆಲಸ ಇದೆ, ಸುಳ್ಳು ಹೇಳುವುದಿಲ್ಲ.

ಸರ್ಕಾರ ಇನ್ನು ಇಪ್ಪತ್ತು ವರ್ಷಕ್ಕೆ ಆಗುವಂಥ ಇಂಧನ ಯೋಜನೆಯೊಂದನ್ನು ಬರೆಸುತ್ತಿದೆ. ನೆಲದಿಂದ ಎಣ್ಣೆ ತೆಗೆದು ಹಡಗಿಗೆ ತುಂಬಿಸುವ ದೇಶ ನಮ್ಮದು, ಆದರೆ ಹಳ್ಳಿಗಳಲ್ಲಿ ದೀಪವಿಲ್ಲ. ಈ ಯೋಜನೆಯಲ್ಲಿ ಒಂದು ಅಧ್ಯಾಯ ನನ್ನ ಪಾಲಿಗೆ ಬಂದಿದೆ: ಈ ಎಣ್ಣೆಯ ಸುತ್ತ ಯಾರು ಯಾರಿದ್ದಾರೆ, ಯಾರಿಗೆ ಏನು ಬೇಕು. ಎಣ್ಣೆ ಕಂಪನಿ, ಮೇಲುನಾಡಿನ ಚಿನ್ನದ ಗಣಿ, ವಿದ್ಯುತ್ ಮಂಡಳಿ, ಸಾಲ ಕೊಡುವ ಬ್ಯಾಂಕು. ಕೊನೆಯಲ್ಲಿ 'ನೆಲದ ಒಡೆಯರು'. ಅಂದರೆ ನೀವು.

ನಮ್ಮ ಇಬುರು ಸರೋವರದ ಪಕ್ಕದಲ್ಲಿ ಎಣ್ಣೆಯ ಜೊತೆ ಮೇಲೆ ಬರುವ ಅನಿಲವನ್ನು ಕಂಪನಿಯವರು ಸುಮ್ಮನೆ ಸುಡುತ್ತಾರಲ್ಲ, ಅದೇ ಅನಿಲದಿಂದ ಒಂದು ವಿದ್ಯುತ್ ಸ್ಥಾವರ ನಡೆಸಬಹುದು. ಅದನ್ನು ಸರೋವರದ ಹತ್ತಿರವೇ ಕಟ್ಟಿದರೆ ನಮ್ಮ ಯಾಬೆರೊ ಊರಿಗೆ ಮೊದಲು ದೀಪ ಬರುತ್ತದೆ. ಕೊಳವೆ ಎಳೆದು ಗಣಿಯ ಹತ್ತಿರ ಕಟ್ಟಿದರೆ ಗಣಿಗೆ ಬರುತ್ತದೆ. ನಾಡಿನ ಯೋಜನೆ ಇದರಲ್ಲಿ ಒಂದನ್ನು ಆರಿಸಬೇಕು.

ಇಲ್ಲಿ ರಾಜಧಾನಿಯಲ್ಲಿ ಎಲ್ಲರೂ ನಿಮ್ಮ ಪರವಾಗಿ ಮಾತಾಡುತ್ತಾರೆ. ಊರಿಗೆ ನಿಜಕ್ಕೂ ಏನು ಬೇಕೆಂದು ನೀನೇ ಬರೆದು ತಿಳಿಸು. ಕಂಪನಿಯ ಅಂಚೆಚೀಲದಲ್ಲಿ ಕಳಿಸಿದರೆ ಬೇಗ ಸಿಗುತ್ತದೆ.

ಭಾವನನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು.

ನಿನ್ನ ತಮ್ಮ,
ಎನೋಸ್


ಯಾಬೆರೊ, ಇಬುರು ಸರೋವರ
3 ಮಾರ್ಚ್ 1999

ತಮ್ಮ ಎನೋಸ್,

ಕಾಗದ ತಲುಪಿತು. ತಂದುಕೊಟ್ಟವನು ಲೂಕಸ್ ಪೊಮೆ. ಅವನು ನಿನಗೆ ಗೊತ್ತಿರಲಿಕ್ಕಿಲ್ಲ. ಮೇಲುನಾಡಿನ ಮೆಂಡಿ ಪಟ್ಟಣದ ಕಡೆಯವನು, ಊರವರ ಜೊತೆ ನಗುನಗುತ್ತಾ ಮಾತಾಡಲಿಕ್ಕೆಂದೇ ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡಿರುವವನು. "ಸಿಸ್ಟರ್, ನಿಮ್ ತಮ್ಮ ದೊಡ್ ಮನುಷ್ಯ ಆಗ್ಬಿಟ್ರು" ಅಂದ. ಅಮ್ಮನ ಶೋಕಕ್ಕೆ ಬರಲಾಗದಷ್ಟು ದೊಡ್ಡವನು ಅಂತ ನನಗೆ ಮೊದಲೇ ಗೊತ್ತಿತ್ತಪ್ಪ. ಅವತ್ತು ನೀನು ಬರಲಿಲ್ಲ, ನಿನ್ನ ಹೆಸರಲ್ಲಿ ಅಕ್ಕಿಮೂಟೆಗಳು ಬಂದವು. ಅವೂ ಕಂಪನಿಯ ಹೆಲಿಕಾಪ್ಟರಿನಲ್ಲೇ.

ಊರಿಗೆ ಏನು ಬೇಕೆಂದು ಕೇಳಿದ್ದೀಯ. ಕೇಳುತ್ತಿರುವುದು ನನ್ನ ತಮ್ಮನೋ, ಸರ್ಕಾರವೋ, ಕಂಪನಿಯೋ? ಅದು ಗೊತ್ತಾಗದೆ ಏನಂತ ಬರೆಯಲಿ? ಊರಿಗೆ ಹಿರಿಯರೆಂದು ದುನುಬು ಮಾವನಿಗೆ ಓದಿ ಹೇಳಿದೆ. ಅಮ್ಮ ಹೋದ ಮೇಲೆ ಮಾವ ಯಾವುದಕ್ಕೂ ಬೇಗ ಬಾಯಿ ಬಿಡುವುದಿಲ್ಲ. ಅಡಿಕೆ ಜಗಿದು ಉಗುಳಿ ಆದಮೇಲೆ, "ಏನ್ ಬೇಕು ಅಂತ ಕೇಳ್ತಾನಾ? ಏನ್ ಬೇಡ ಅಂತ ಯಾಕ್ ಕೇಳ್ಲಿಲ್ಲ?" ಅಂದರು.

ನನ್ನ ಮಟ್ಟಿಗೆ ಒಂದು ಹೇಳುತ್ತೇನೆ. ಆರೋಗ್ಯ ಕೇಂದ್ರದಲ್ಲಿ ನನ್ನ ಹತ್ತಿರ ಇರುವುದು ಸೀಮೆಎಣ್ಣೆ ಫ್ರಿಜ್ಜು. ಕ್ರಿಸ್ಮಸ್ ಹೊತ್ತಿಗೆ ಸೀಮೆಎಣ್ಣೆ ಬರಲಿಲ್ಲ, ಲಸಿಕೆಗಳೆಲ್ಲ ಕೆಟ್ಟವು. ಆಮೇಲೆ ದಡಾರ ಬಂತು. ನಿನ್ನ ಭಾವನ ತಂಗಿಯ ಮಗು ನನ್ನ ತೊಡೆಯ ಮೇಲೆ ಹೋಯಿತು. ಆಚೆ ದಡದಲ್ಲಿ ಕಂಪನಿಯ ಬೆಂಕಿ ಆಗಲೂ ಉರಿಯುತ್ತಿತ್ತು. ನಮ್ಮ ಕೋಳಿಗಳಿಗೆ ಯಾವಾಗ ಮಲಗಬೇಕೆಂದೇ ತಿಳಿಯದಷ್ಟು ಬೆಳಕು ಅದು.

ಇದನ್ನು ಬರೆದದ್ದಕ್ಕೆ ಈಗಲೇ ಅನುಮಾನವಾಗುತ್ತಿದೆ. "ಅಲ್ಲಿಯ ನರ್ಸೇ ಸ್ಥಾವರ ಬೇಕೆಂದಳು" ಅಂತ ನಿನ್ನ ಅಧ್ಯಾಯದಲ್ಲಿ ಹಾಕಿಬಿಡುತ್ತೀಯೇನೋ. ಹಾಕಬೇಡ. ಯಾವ ಜಾಗದಲ್ಲಿ ಕಟ್ಟುತ್ತೀರೆಂದು ನೀನು ಬರೆದಿಲ್ಲ. ನೀನು ಮರೆಯುವವನಲ್ಲ.

ಡೋರ್ಕಸ್


ವೈಗಾನಿ
22 ಮಾರ್ಚ್ 1999

ಅಕ್ಕ,

ನಿನ್ನ ಕಾಗದದಲ್ಲಿ ಮಗುವಿನ ಸುದ್ದಿ ಇರುವ ಸಾಲುಗಳನ್ನು ಎರಡು ಸಲ ಓದಿದೆ. ಉಳಿದ ಮಾತುಗಳಿಗೆ ಕೋಪ ಬಂತು. ಆಮೇಲೆ ಅದೂ ಇಳಿಯಿತು.

ನಾನು ಕೂರುವ ಸಭೆಗಳನ್ನು ನೀನು ಒಮ್ಮೆ ನೋಡಬೇಕು. ಕಂಪನಿಯ ಕಡೆಯಿಂದ ಡೆನ್ಹಮ್ ಅಂತ ಒಬ್ಬ ಆಸ್ಟ್ರೇಲಿಯಾದವನು ಬರುತ್ತಾನೆ. ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. "ಒಳ್ಳೇ ಯೋಚನೆ, ಆದ್ರೆ ನೆಲದ ಒಡೆಯರು ಒಪ್ಬೇಕಲ್ಲ" ಅನ್ನುತ್ತಾನೆ. ಅನಿಲವನ್ನು ಹಾಗೇ ಇಟ್ಟುಕೊಂಡು ಮುಂದೆ ಹೊರದೇಶಕ್ಕೆ ಮಾರುವ ಆಸೆ ಅವರಿಗೆ, ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಗಣಿಯವರಿಗೆ ನಾಳೆಯೇ ವಿದ್ಯುತ್ ಬೇಕು. ಮಂಡಳಿಯ ಎಂಜಿನಿಯರು ಹಳ್ಳಿಗೆ ತಂತಿ ಎಳೆದರೆ ನಷ್ಟ ಅಂತ ತಲೆ ಚಚ್ಚಿಕೊಳ್ಳುತ್ತಾನೆ. ಬ್ಯಾಂಕಿನವಳು ಎಲ್ಲರನ್ನೂ ನೋಡಿ ಬರೆದುಕೊಳ್ಳುತ್ತಾಳೆ. ಸಮಿತಿಯ ಅಧ್ಯಕ್ಷೆ ಶ್ರೀಮತಿ ಹೆನಾವೊ ಮಾತ್ರ ನನ್ನನ್ನು ಕೇಳುತ್ತಾರೆ: "ಸರೋವರದವ್ರು ಏನಂತಾರಪ್ಪಾ?" ಅದಕ್ಕೇ ನಿನಗೆ ಬರೆದದ್ದು.

ಈಗ ನನ್ನದೂ ಒಂದು ಪ್ರಶ್ನೆ. ಹೋದ ವಾರ ಭಾವ ಇಲ್ಲಿಗೆ ಬಂದಿದ್ದರಂತೆ. ನಮ್ಮ ಕಡೆಯ ಹುಡುಗನೊಬ್ಬ ನೋಡಿದ್ದಾನೆ. ಬೊರೊಕೊದ ಹೋಟೆಲಿನಲ್ಲಿ ಗಣಿಯವರ ಜೊತೆ ಊಟಕ್ಕೆ ಕೂತಿದ್ದರಂತೆ, ಪಕ್ಕದಲ್ಲಿ ನಿಮ್ಮ ಲೂಕಸ್. ನನ್ನ ಮನೆ ಅಲ್ಲಿಂದ ದೂರವಿಲ್ಲ. ಅಕ್ಕನ ಗಂಡ ಊರಿಗೆ ಬಂದು ಮೈದುನನ ಮನೆಗೆ ಬರದೆ ಹೋದರೆ ಏನಂದುಕೊಳ್ಳಲಿ? ಸರೋವರದ ಅನಿಲವನ್ನು ಕೊಡುತ್ತೇವೆಂದು ಭಾವ ಗಣಿಯವರಿಗೆ ಮಾತು ಕೊಟ್ಟು ಬಂದಿದ್ದಾರೆಯೇ? ನಿನಗೆ ಗೊತ್ತಿದ್ದೂ ನೀನು ನನ್ನನ್ನು ಕೆಣಕುತ್ತಿದ್ದೀಯಾ?

ಎನೋಸ್


ಯಾಬೆರೊ
19 ಏಪ್ರಿಲ್ 1999

ಎನೋಸ್,

ನಿನ್ನ ಕಾಗದ ಓದಿ ಎರಡು ದಿನ ಗಂಡನ ಮುಖ ನೋಡಲಿಲ್ಲ. ಹೆರೆರೆ ನನಗೆ ಹೇಳಿ ಹೋಗಿದ್ದು ಹಂದಿ ನೋಡಲಿಕ್ಕೆ ಮೆಂಡಿಗೆ ಅಂತ. ಕೊನೆಗೆ ಮೀನು ಸುಡುತ್ತಾ ಕೇಳಿದೆ.

"ಮೆಂಡೀಲಿ ಹಂದಿ ಚೆನ್ನಾಗಿತ್ತಾ?"

"ಹ್ಞೂಂ."

"ಬೊರೊಕೊ ಹೋಟ್ಲಲ್ಲಿ ಬಡಿಸಿದ್ರಲ್ಲ, ಅದಾ?"

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ ಹಾಗೆ ನಿಂತರು. ಆಮೇಲೆ, "ಲೂಕಸ್ ಕರ್ಕೊಂಡೋದ. ನಿನ್ ತಮ್ಮನೇ ಕರೆಸಿದಾನೆ ಅಂದ. ಅಲ್ಲಿ ನೋಡಿದ್ರೆ ಅವ್ನಿಲ್ಲ" ಅಂದರು. ಮೀನನ್ನು ಅಲ್ಲೇ ಬಿಟ್ಟು ದೋಣಿಯ ಕಡೆ ಹೋದರು. ನೀನು ಕರೆಸಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವರು ಹೇಳಿದ್ದು ನಿಜವೋ ಸುಳ್ಳೋ ಅದೂ ಗೊತ್ತಿಲ್ಲ. ಒಂದೇ ಮನೆಯಲ್ಲಿ ಇಬ್ಬರ ನಡುವೆ ನಾನು ಹೀಗೆ ಕೂತಿದ್ದೇನೆ.

ಇದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಈಸ್ಟರ್ ಮುಗಿದ ಮೇಲೆ ಅಳತೆಗಾರರು ಬಂದರು. ಯಾರನ್ನೂ ಕೇಳದೆ ನಮ್ಮ ಸಾಗೋ ಜೌಗಿಗೆ ಇಳಿದು ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದು ಹೋದರು. ಹೆಂಗಸರು ಸಾಗೋ ತಾಳೆಮರ ಕೆತ್ತಿ, ನಾವು ತಿನ್ನುವ ಹಿಟ್ಟು ತೊಳೆಯುತ್ತಿದ್ದರು, ಅವರ ಕಾಲ ಹತ್ತಿರವೇ ಹೊಡೆದರು. ದುನುಬು ಮಾವ ಹೋಗಿ ಕೇಳಿದರೆ, "ನಕ್ಷೆ ಸರ್ಕಾರದ್ದು. ಗುರುತು ಹಾಕಿದ್ದು ನಿಮ್ಮೂರಿನ ಎನೋಸ್ ಅವ್ರೇ" ಅಂದರಂತೆ. ಸಂಜೆ ಗಂಡಸರು ಕೂರುವ ಉದ್ದಮನೆಯ ಮುಂದೆ ಊರೆಲ್ಲ ಸೇರಿತು. ನನ್ನ ಕಡೆ ನೋಡಿದ ಕಣ್ಣುಗಳನ್ನು ನೀನು ನೋಡಬೇಕಿತ್ತು. "ನಮ್ ಹುಡುಗನೇ ಜಾಗ ತೋರ್ಸಿದಾನಂತೆ" ಅಂತ ಒಬ್ಬ. "ಅವ್ನಿಗೆ ಕಾಗದ ಬರೀತಿರೋದು ಯಾರು?" ಅಂತ ಇನ್ನೊಬ್ಬ.

ಅದೇ ಜೌಗಿನಲ್ಲಿ ಅಮ್ಮ ಬೆನ್ನು ಬಗ್ಗಿಸಿ ನಮ್ಮಿಬ್ಬರನ್ನೂ ಸಾಕಿದಳು. ಈ ಗೂಟಗಳನ್ನು ನೆಲಕ್ಕೆ ಹೊಡೆದ ಹಾಗೆ ನನಗೆ ಕಾಣುತ್ತಿಲ್ಲ, ಅಮ್ಮನ ಬೆನ್ನಿಗೆ ಹೊಡೆದ ಹಾಗಿದೆ. ಈ ಮಾತನ್ನು ನಾನು ಯಾರ ಮುಂದೆಯೂ ಆಡಿಲ್ಲ. ಊರಲ್ಲಿ ಆಡಿದರೆ ನಿನ್ನ ಮೇಲೆ ಕತ್ತಿ ಮಸೆಯುತ್ತಾರೆ.

ಆ ಜಾಗ ತೋರಿಸಿದ್ದು ನೀನಾ? ಹೌದು ಅಥವಾ ಇಲ್ಲ, ಇಷ್ಟು ಬರೆದರೆ ಸಾಕು.

ಡೋರ್ಕಸ್


ವೈಗಾನಿ
10 ಮೇ 1999

ಅಕ್ಕ,

ಹೌದು.

ಗುರುತು ಹಾಕಿದ್ದು ನಾನು. ಕೊಳವೆಗೆ ಹತ್ತಿರ, ನಿನ್ನ ಆರೋಗ್ಯ ಕೇಂದ್ರಕ್ಕೂ ಹತ್ತಿರ, ಸುತ್ತ ಸಮತಟ್ಟು. ಸ್ಥಾವರ ಎಲ್ಲಿ ಆಗಬಹುದೆಂದು ಸಭೆಯಲ್ಲಿ ಕೇಳಿದರು, ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದೆ. ಅದು ಇನ್ನೂ ಚರ್ಚೆಗೆ ಇಟ್ಟಿದ್ದು. ಗೂಟ ಹೊಡೆಯಿರೆಂದು ನಾನಾಗಲಿ ಇಲಾಖೆಯಾಗಲಿ ಹೇಳಿಲ್ಲ. ಅಳತೆಗಾರರನ್ನು ಕಳಿಸಿದ್ದು ಕಂಪನಿ. ಯಾಕೆ ಅಷ್ಟು ಅವಸರ ಎಂದು ಆಗ ಅರ್ಥವಾಗಲಿಲ್ಲ, ಈಗ ಸ್ವಲ್ಪ ಆಗುತ್ತಿದೆ. ಭಾವನನ್ನು ನಾನು ಕರೆಸಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಆದರೆ ನನಗೂ ಒಂದು ಉತ್ತರ ಬೇಕು. ಮೊನ್ನೆ ಗುರುವಾರದ ಸಭೆಯಲ್ಲಿ ಡೆನ್ಹಮ್ ಎದ್ದು ನಿಂತ. "ಸರೋವರದವರಲ್ಲಿ ಒಮ್ಮತವೇ ಇಲ್ಲ. ಕೆಲವರು ಗಣಿಯವರ ಜೊತೆ ಮಾತಾಡ್ತಿದಾರೆ. ಇನ್ನು ಕೆಲವರಿಗೆ ಗೂಟಗಳನ್ನ ಅಮ್ಮನ ಬೆನ್ನಿಗೇ ಹೊಡೆದ ಹಾಗಿದೆಯಂತೆ. ಇಂಥ ಕಡೆ ಸ್ಥಾವರ ಕಟ್ಟೋದು ಹೇಗೆ? ಕೆಲವು ವರ್ಷ ಬಿಟ್ಟು ನೋಡೋಣ" ಅಂದ. ಅಕ್ಕ, ಅದು ನಿನ್ನ ಮಾತು. ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಆ ಸಭೆಯ ಮಾರನೆಯ ದಿನ!

ಯಾರ ಮುಂದೆಯೂ ಆಡಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ಡೆನ್ಹಮ್‌ನ ಬಾಯಿಗೆ ಹೇಗೆ ಬಂತು? ಲೂಕಸ್ ಅಡುಗೆಮನೆಯವರೆಗೂ ಬಂದು ಕೂರುತ್ತಾನಂತೆ. ಅವನ ಹತ್ತಿರ ಹೇಳಿಕೊಂಡೆಯಾ? ನನ್ನ ಮೇಲಿನ ಸಿಟ್ಟಿಗೆ ಅವರ ಕೈಗೆ ಕೋಲು ಕೊಟ್ಟೆಯಾ?

ಈ ಕಾಗದವನ್ನು ಕಂಪನಿಯ ಚೀಲಕ್ಕೆ ಹಾಕುತ್ತಿಲ್ಲ. ಮೆಂಡಿ ಆಸ್ಪತ್ರೆಗೆ ಹೋಗುವ ಡಾಕ್ಟರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ. ತಡವಾಗುತ್ತದೆ, ಆಗಲಿ.

ಎನೋಸ್


ಯಾಬೆರೊ
2 ಜುಲೈ 1999

ತಮ್ಮ,

ನಿನ್ನ ಕಾಗದ ಲಸಿಕೆ ತರುವ ಗಾಡಿಯಲ್ಲಿ ಬಂತು. ಓದಿದ ಮೇಲೆ ಮೊದಲು ಅನ್ನಿಸಿದ್ದು: ಎನೋಸ್ ತಾನೇ ಸಭೆಯಲ್ಲಿ ನನ್ನ ಕಾಗದ ಓದಿ, ಈಗ ಬೇರೆಯವರ ತಲೆಗೆ ಕಟ್ಟುತ್ತಿದ್ದಾನೆ. ಹಾಗಂತ ಕೆಲವು ದಿನ ನಂಬಿಯೂ ಇದ್ದೆ. ಮುಚ್ಚಿಡುವುದಿಲ್ಲ.

ಆಮೇಲೆ ಲೂಕಸ್ ಬಂದ. ಸೌತೆ ಬೆಳೆದಿದ್ದೆ, ಹೆಚ್ಚಿ ಮುಂದಿಟ್ಟೆ. ನೇರ ಕೇಳಿದೆ.

"ಲೂಕಸ್, ನನ್ನ ಕಾಗದ ಓದ್ತೀಯಾ?"

"ಅಯ್ಯೋ ಸಿಸ್ಟರ್! ನನ್ ಮಕ್ಕಳ ಆಣೆ, ನಾನು ಹೊರೋನಷ್ಟೇ."

"ಹೊತ್ತು ಎಲ್ಲಿ ಇಳಿಸ್ತೀಯ?"

ಅವನು ಸೌತೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೂತ. ನಗು ಹೋಯಿತು. ಆ ಮುಖವನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಕ್ಯಾಂಪಿನ ಆಫೀಸಲ್ಲಿ ಒಂದು ಮೇಜಿದೆ. ಊರಿಂದ ಹೋಗೋವು, ಊರಿಗೆ ಬರೋವು, ಎಲ್ಲಾ ಒಂದು ದಿನ ಅದರ ಮೇಲಿರ್ತವೆ. ಮಾರನೇ ದಿನ ನನ್ ಕೈಗೆ ಕೊಡ್ತಾರೆ. ಆ ಒಂದು ದಿನದಲ್ಲಿ ಏನಾಗುತ್ತೆ ಅಂತ ನಾನು ಯಾವತ್ತೂ ಕೇಳಿಲ್ಲ."

"ಯಾಕ್ ಕೇಳ್ಲಿಲ್ಲ?"

"ಕೇಳಿದ್ರೆ ಗೊತ್ತಾಗ್ಬಿಡುತ್ತಲ್ಲ ಸಿಸ್ಟರ್."

ಹೆರೆರೆ ಹಿಂದಿನ ಬಾಗಿಲಲ್ಲಿ ನಿಂತು ಇದೆಲ್ಲ ಕೇಳಿಸಿಕೊಂಡಿದ್ದಾರೆ. ಲೂಕಸ್ ದೋಣಿ ಹತ್ತಿ ಹೋದ ಮೇಲೆ ಬಂದು ನನ್ನ ಪಕ್ಕ ಕೂತರು. "ನನ್ ಮಾತೂ ಕೇಳು" ಅಂದರು. ಅಳತೆಯವರು ಬರುವ ಮೊದಲೇ ಲೂಕಸ್ ಅವರ ಕಿವಿಯಲ್ಲಿ ಊದಿದ್ದನಂತೆ: ನಿಮ್ಮ ಮೈದುನ ಜೌಗನ್ನೇ ಕೇಳಿದ್ದಾನೆ, ತಪ್ಪಿಸಬೇಕೆಂದರೆ ಗಣಿಯವರ ಹತ್ತಿರ ಮಾತಾಡಿ, ಸ್ಥಾವರ ಅಲ್ಲಿಗೆ ಹೋದರೆ ನಿಮ್ಮ ಜೌಗು ಉಳಿಯುತ್ತದೆ. ಅದಕ್ಕೇ ಹೋದದ್ದು, ನೀನು ಕರೆಸಿದೆ ಅಂದದ್ದು ಸುಳ್ಳಂತೆ. ಹಂದಿಯ ಸುಳ್ಳು ಯಾಕೆ ಅಂದರೆ, "ನೀನು ಫ್ರಿಜ್ಜು ಫ್ರಿಜ್ಜು ಅಂತ ಒದ್ದಾಡ್ತಿದ್ದೆ. ಊರಿಗೆ ದೀಪ ಬೇಡ ಅಂತ ಹೇಳೋಕೆ ಹೋಗ್ತೀನಿ ಅಂದ್ರೆ ನೀನು ಬಿಡ್ತಿದ್ಯಾ?" ಅಂದರು.

ಅವರು ಜೌಗಿಗಾಗಿ ಸುಳ್ಳು ಹೇಳಿದರು, ನೀನು ನನ್ನ ಫ್ರಿಜ್ಜಿಗಾಗಿ ಜೌಗಿನ ಮೇಲೆ ಸುತ್ತು ಹಾಕಿದೆ. ನಾನು ಇಬ್ಬರನ್ನೂ ಕಳ್ಳರೆಂದುಕೊಂಡೆ. ನಾವು ಮೂವರೂ ಒಬ್ಬರ ಮೇಲೊಬ್ಬರು ಹಲ್ಲು ಕಡಿಯುತ್ತಿದ್ದರೆ ಡೆನ್ಹಮ್ ಅದನ್ನೇ ಎತ್ತಿ ತೋರಿಸಿ, 'ಒಮ್ಮತವಿಲ್ಲ' ಅನ್ನುತ್ತಿದ್ದಾನೆ. ಅವನಿಗೆ ಬೇಕಾದದ್ದು ಅಷ್ಟೇ ಇರಬೇಕು.

ಇಷ್ಟಾದರೂ ನಿನ್ನ ಮೇಲಿನ ಅನುಮಾನ ಪೂರ್ತಿ ಹೋಗಿದೆ ಅಂದುಕೊಳ್ಳಬೇಡ. ನಮ್ಮನ್ನು ಕೇಳದೆ ಸುತ್ತು ಹಾಕಿದ್ದು ಸುತ್ತು ಹಾಕಿದ್ದೇ.

ಡೋರ್ಕಸ್


ವೈಗಾನಿ
20 ಜುಲೈ 1999

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಡಾಕ್ಟರು ವಿಮಾನಕ್ಕೆ ಹೊರಡುತ್ತಿದ್ದಾರೆ.

ಆಗಸ್ಟ್ ಕೊನೆಗೆ ಸಮಿತಿಯ ಕೊನೆಯ ವಿಚಾರಣೆ. ಅಲ್ಲಿ 'ಸರೋವರದವರಲ್ಲಿ ಒಮ್ಮತವಿಲ್ಲ' ಎಂದು ದಾಖಲಾದರೆ ಮುಗಿಯಿತು. ಇಪ್ಪತ್ತು ವರ್ಷದ ಯೋಜನೆಯಲ್ಲಿ ಯಾಬೆರೊ ಇರುವುದಿಲ್ಲ. ಅನಿಲ ಸುಡುತ್ತಲೇ ಇರುತ್ತದೆ, ಆಮೇಲೆ ಹಡಗು ಹತ್ತುತ್ತದೆ.

ನಾನು ಒಳಗಿರುವುದಿಲ್ಲ. ನಾನು ನೆಲದ ಒಡೆಯರ ಸಂಬಂಧಿ, ನನಗೂ ಇದರಲ್ಲಿ ಹಿತಾಸಕ್ತಿಯಿದೆ ಎಂದು ಡೆನ್ಹಮ್ ತಕರಾರು ಎತ್ತಿದ. ಆರು ತಿಂಗಳು ಎಲ್ಲರ ಹಿತಾಸಕ್ತಿ ಬರೆದವನ ಹೆಸರೇ ಕೊನೆಗೆ ಆ ಪಟ್ಟಿಗೆ ಸೇರಿತು. ಬಾಗಿಲ ಹೊರಗೆ ಕೂರಿಸುತ್ತಾರೆ.

ನೀನು ಬಾ. ಮಾವನನ್ನೂ ಭಾವನನ್ನೂ ಕರೆದುಕೊಂಡು ಬಾ. ಶ್ರೀಮತಿ ಹೆನಾವೊಗೆ ಹೇಳಿದ್ದೇನೆ, ಮಾತಾಡಲು ಬಿಡುತ್ತಾರೆ. ಕಂಪನಿಯ ವಿಮಾನ ಹತ್ತಬೇಡ.

ಎನೋಸ್


ಯಾಬೆರೊ
6 ಸೆಪ್ಟೆಂಬರ್ 1999

ತಮ್ಮ,

ನೀನು ಬಾಗಿಲ ಹೊರಗಿದ್ದೆ, ಆದ್ದರಿಂದ ಒಳಗೆ ಏನಾಯಿತೆಂದು ಬರೆಯುತ್ತೇನೆ. ಬೇರೆಯವರು ಹೇಗೆ ಹೇಳಿದ್ದಾರೋ ಗೊತ್ತಿಲ್ಲ, ನಾನು ಕಂಡದ್ದು ಇದು.

ನಾವು ಮೂವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಆ ಏಸಿ ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ ಮಾವ ದಾರದಲ್ಲಿ ಹೆಣೆದ ನನ್ನ ದೊಡ್ಡ ಬಿಲುಮ್ ಚೀಲವನ್ನು ಕಿತ್ತುಕೊಂಡು ಹೊದ್ದುಕೊಂಡರು. "ಇವ್ರು ಕರೆಂಟನ್ನ ಇದಕ್ಕಾ ಖರ್ಚು ಮಾಡೋದು?" ಅಂತ ಗಟ್ಟಿಯಾಗಿಯೇ ಕೇಳಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಡೆನ್ಹಮ್ ಒಳ್ಳೆಯ ಮಾತುಗಾರ. ನಮ್ಮ ಬಗ್ಗೆ ಎಷ್ಟು ಮರುಗಿದನೆಂದರೆ ನನಗೇ ನಮ್ಮ ಮೇಲೆ ಅಯ್ಯೋ ಅನ್ನಿಸಿತು. ಕೊನೆಗೆ, "ಒಂದೇ ಮನೆಯಲ್ಲಿ ಒಮ್ಮತ ಇಲ್ಲ. ನಕ್ಷೆ ಮಾಡಿದ ಅಧಿಕಾರಿಯ ಸ್ವಂತ ಅಕ್ಕನಿಗೇ ಅವನ ಮೇಲೆ ನಂಬಿಕೆ ಇಲ್ಲ" ಅಂದ.

ಶ್ರೀಮತಿ ಹೆನಾವೊ ಕನ್ನಡಕದ ಮೇಲಿನಿಂದ ನೋಡಿ, "ಆ ಅಕ್ಕ ಇಲ್ಲಿದ್ದಾಳಾ?" ಅಂದರು.

ಎದ್ದೆ.

"ಅವರು ಹೇಳಿದ್ದು ಹೌದೇನಮ್ಮಾ? ತಮ್ಮನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ" ಅಂದೆ.

ಎಲ್ಲರೂ ನಕ್ಕರು. ಡೆನ್ಹಮ್ ಕೂಡ ನಕ್ಕು, ಕುರ್ಚಿಗೆ ಒರಗಿದ. ನಗು ನಿಂತ ಮೇಲೆ ಮುಂದುವರಿಸಿದೆ.

"ಅವ್ನು ನಮ್ಮನ್ನ ಕೇಳದೆ ಜೌಗಿಗೆ ಗುರುತು ಹಾಕ್ದ. ಅದಕ್ಕೇ ಅನುಮಾನ. ಅದನ್ನ ನಾನು ಅವ್ನಿಗೇ ಬರ್ದೆ. ಅವ್ನ ಹೆಸರು ಬರೆದು, ಅಂಟು ಹಚ್ಚಿ, ಅವ್ನಿಗೇ ಕಳಿಸ್ದೆ. ನಿಮಗೆ ಬರೀಲಿಲ್ವಲ್ಲ ಡೆನ್ಹಮ್ ಅವ್ರೇ. ನಿಮ್ ಬಾಯಿಗೆ ಅದು ಹೇಗೆ ಬಂತು?"

ಬ್ಯಾಂಕಿನವಳು ಬರೆಯುವುದನ್ನು ನಿಲ್ಲಿಸಿದಳು.

"ಅದು ಊರಲ್ಲಿ ಎಲ್ಲರೂ ಆಡೋ ಮಾತು" ಅಂದ ಅವನು.

"ಮೇ ತಿಂಗ್ಳ ಸಭೇಲಿ ನೀವು ಆಡಿದ ಅಮ್ಮನ ಬೆನ್ನಿನ ಮಾತನ್ನ ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ನನ್ ಗಂಡನಿಗೂ ಹೇಳಿಲ್ಲ."

ಹೆರೆರೆ ಎದ್ದು ನಿಂತು, "ನಿಜ. ನಾನು ಇವತ್ತೇ ಕೇಳಿದ್ದು" ಅಂದು ಮತ್ತೆ ಕೂತರು. ಮೂವತ್ತು ಜನರ ಮುಂದೆ ನನ್ನ ಗಂಡ ಆಡಿದ್ದು ಅದೊಂದೇ ಮಾತು.

"ಮಿಸ್ಟರ್ ಡೆನ್ಹಮ್, ಉತ್ತರ ಕೊಡಿ" ಅಂದರು ಅಧ್ಯಕ್ಷೆ. ಅವನು ತನ್ನ ಕಡೆಯವರ ಮುಖ ನೋಡಿದ, ಕಾಗದಗಳನ್ನು ಸರಿಪಡಿಸಿಕೊಂಡ, ಕ್ಯಾಂಪಿನಲ್ಲಿ ವಿಚಾರಿಸಿ ಲಿಖಿತವಾಗಿ ತಿಳಿಸುತ್ತೇನೆ ಅಂದ.

ಆಮೇಲೆ ಅಧ್ಯಕ್ಷೆ ನನ್ನನ್ನು ಕೇಳಿದರು, "ನಿಮಗೆ ಬೇಕಾದ್ದು ಏನು? ಸ್ಥಾವರ ಬೇಕಾ, ಜೌಗು ಉಳೀಬೇಕಾ?"

"ಎರಡೂ" ಅಂದೆ.

ಮಂಡಳಿಯ ಎಂಜಿನಿಯರು, "ಎರಡೂ ಅಂದ್ರೆ ಕಷ್ಟ" ಅಂತ ಗೊಣಗಿದ.

"ಇರ್ಬಹುದು. ಆದ್ರೆ ಇದುವರೆಗೆ ನೀವ್ಯಾರೂ ಎರಡೂ ಬೇಕು ಅನ್ನೋರ ಹತ್ರ ಮಾತಾಡೇ ಇಲ್ಲ. ನಮ್ ಊರಿಗೆ ಬನ್ನಿ, ನಮ್ ಭಾಷೇಲಿ ಮಾತಾಡಿ. ನಾವು ಜಗಳ ಆಡ್ತೀವಿ. ಜಗಳ ಮುಗಿಯೋವರೆಗೂ ಕೂತಿರಿ."

ಇಷ್ಟೇ ಆಡಿದ್ದು. ಕೂತಾಗ ಮಾವ ನನ್ನ ಕೈಗೆ ಒಂದು ಅಡಿಕೆ ಹಾಕಿದರು. ಜಗಿಯಲಿಕ್ಕೆ ಅಲ್ಲಿ ಬಿಡುವುದಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡೆ.

ಈಗ ನೀನು ಕೇಳಬಹುದು, ಅಷ್ಟು ದೂರ ಬಂದವಳು ತಮ್ಮನ ಮನೆಗೆ ಬರದೆ ಯಾಕೆ ಹೋದಳೆಂದು. ನಿನ್ನ ಹೆಂಡತಿ ಅಡುಗೆ ಮಾಡಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ನಾನು ನಿನ್ನನ್ನು ಹುಡುಕಿಕೊಂಡೇ ಹೊರಗೆ ಬಂದೆ. ಮೊಗಸಾಲೆಯ ತುದಿಯಲ್ಲಿ ಡೆನ್ಹಮ್‌ನ ಸಹಾಯಕ ನಿನ್ನ ಭುಜದ ಮೇಲೆ ಕೈ ಹಾಕಿದ್ದ. ನೀನು ನಗುತ್ತಿದ್ದೆ. ಹಿಂದಿರುಗಿ ಬಂದು ಮಾವನಿಗೆ, "ನಡೀರಿ, ಗಾಡಿ ಸಿಗುತ್ತೆ" ಅಂದೆ.

ಯಾಕೆ ನಗುತ್ತಿದ್ದೆ?

ಡೋರ್ಕಸ್


ವೈಗಾನಿ
4 ಅಕ್ಟೋಬರ್ 1999

ಅಕ್ಕ,

ಅವನು ನನಗೆ ಕಂಪನಿಯಲ್ಲಿ ಕೆಲಸ ಕೊಡುತ್ತೇನೆ ಅಂದ. ಮನೆ, ಕಾರು, ಮಕ್ಕಳಿಗೆ ಬ್ರಿಸ್ಬೇನಿನ ಶಾಲೆ. ನೀನು ಒಳಗೆ ಡೆನ್ಹಮ್‌ನ ಬೆವರಿಳಿಸುತ್ತಿದ್ದಾಗ ಇವನು ಹೊರಗೆ ನನ್ನನ್ನು ಕೊಳ್ಳಲು ಬಂದಿದ್ದಾನಲ್ಲ ಎಂದು ನಗು ಬಂತು. ಬೇಡ ಅಂದೆ. ನನ್ನ ಹೆಂಡತಿಗೆ ಮಾತ್ರ ಹೇಳಿದ್ದೆ, ಈಗ ನಿನಗೆ. ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅವಳು ಮಾಡಿದ್ದ ಅಡುಗೆಯನ್ನು ಅಕ್ಕಪಕ್ಕದವರಿಗೆ ಹಂಚಿದೆವು. ನೀನು ಬರುತ್ತೀಯೆಂದು ಮಕ್ಕಳು ಬಾಗಿಲಲ್ಲೇ ಕೂತಿದ್ದರು.

ಸಮಿತಿಯ ತೀರ್ಮಾನ ಬಂತು. 'ಒಮ್ಮತವಿಲ್ಲ' ಎಂಬ ವಾಕ್ಯ ತೆಗೆದರು. ಯಾಬೆರೊದಲ್ಲಿ, ಊರವರು ಆರಿಸಿದ ದುಭಾಷಿಗಳ ಮುಂದೆ ಮಾತುಕತೆ ನಡೆಯುವವರೆಗೂ ಸ್ಥಾವರದ ಜಾಗ ನಿಗದಿಯಾಗುವುದಿಲ್ಲ, ಅನಿಲವನ್ನು ಯಾರಿಗೂ ಬರೆದುಕೊಡುವಂತಿಲ್ಲ. ಗೂಟ ಕೀಳಲು ಆದೇಶ ಹೋಗಿದೆ. ಡೆನ್ಹಮ್‌ನ ಲಿಖಿತ ಉತ್ತರ ಇನ್ನೂ ಬಂದಿಲ್ಲ. ಬರುತ್ತದೆಂದು ನನಗೇನೂ ನಂಬಿಕೆಯಿಲ್ಲ.

ನವೆಂಬರ್ ಕೊನೆಗೆ ಮಾತುಕತೆ. ಸರ್ಕಾರದ ಕಡೆಯಿಂದ ಮಾತಾಡಲು ನನ್ನನ್ನು ನೇಮಿಸಿದ್ದಾರೆ. ಸಂಬಂಧಿ ಎಂದು ನಾನೇ ಬೇಡವೆಂದೆ. ಶ್ರೀಮತಿ ಹೆನಾವೊ, "ನಿನ್ನಕ್ಕ ನಿನ್ನ ಮೇಲೆ ಕಣ್ಣಿಟ್ಟಿರೋವರೆಗೂ ನನಗೆ ಚಿಂತೆಯಿಲ್ಲ" ಅಂದರು.

ಊರು ಒಪ್ಪುತ್ತದೆಯೇ? ನಿನ್ನ ಮನೆಯಲ್ಲಿ ಇಳಿದುಕೊಳ್ಳಬಹುದೇ?

ಎನೋಸ್


ಯಾಬೆರೊ
30 ಅಕ್ಟೋಬರ್ 1999

ತಮ್ಮ ಎನೋಸ್,

ಗೂಟ ಕೀಳಲು ಕಂಪನಿಯವರು ಬರುವವರೆಗೂ ಯಾರೂ ಕಾಯಲಿಲ್ಲ. ಹೆಂಗಸರೇ ಕಿತ್ತು ಒಲೆಗೆ ಹಾಕಿದೆವು. ಹಸಿ ಮರ, ಹೊಗೆಯೇ ಹೆಚ್ಚಾಯಿತು. ಲೂಕಸ್ ಕೆಲಸ ಬಿಟ್ಟು ಮೆಂಡಿಗೆ ಹೋದ. ಹೋಗುವ ಮುಂಚೆ ನನ್ನ ಮನೆಗೆ ಬಂದು ಅಂಗಳದಲ್ಲೇ ನಿಂತಿದ್ದು, ಒಳಗೆ ಬಾ ಎಂದರೂ ಬರದೆ ಹೋದ.

ನಿನ್ನ ಕಾಗದದಲ್ಲಿ ತೀರ್ಮಾನದ ಭಾಗವನ್ನು ಮಾತ್ರ ಉದ್ದಮನೆಯ ಮುಂದೆ ಓದಿಸಿದೆ. ದೊಡ್ಡ ಗಲಾಟೆಯಾಯಿತು. ಅರ್ಧ ಜನ, "ಅವ್ನು ಸಿಹಿಸಿಹಿಯಾಗಿ ಮಾತಾಡಿ ಜೌಗನ್ನ ತಗೊಂಡೇ ಹೋಗ್ತಾನೆ" ಅಂದರು. ನಿನ್ನ ಭಾವ ಈ ಸಲ ಬಾಯಿ ಬಿಟ್ಟರು. "ಆ ಕಡೆ ನಮ್ ಮಾತು ಅರ್ಥ ಆಗೋನು ಒಬ್ಬ ಇರ್ಲಿ. ಅರ್ಥವೇ ಆಗಲಿಲ್ಲ ಅಂತ ಆಮೇಲೆ ಹೇಳೋಕೆ ಅವ್ನಿಗೆ ಆಗಲ್ಲ" ಅಂದರು. ಕೊನೆಗೆ ದುನುಬು ಮಾವ ಎಲ್ಲರನ್ನೂ ಸುಮ್ಮನಾಗಿಸಿ, "ಬರ್ಲಿ. ಆದ್ರೆ ಅವ್ನ ಎದುರಿಗೆ ಕೂರೋರು ಅವ್ನನ್ನ ಚೆನ್ನಾಗಿ ಬಲ್ಲೋರೇ ಆಗ್ಬೇಕು" ಅಂದರು. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು.

ನೆಲದ ಒಡೆಯರ ಪರವಾಗಿ ಹೆಂಗಸು ಮಾತಾಡಿದ್ದು ನಮ್ಮಲ್ಲಿ ಇದುವರೆಗೆ ಇಲ್ಲ. ಉದ್ದಮನೆಯೊಳಗೆ ನಾನು ಕೂರುವಂತಿಲ್ಲವಾದ್ದರಿಂದ ಮಾತುಕತೆಯನ್ನು ಚರ್ಚಿನ ಬಯಲಿಗೆ ತಂದಿದ್ದಾರೆ. ಒಪ್ಪಿಕೊಂಡೆ.

ಕಂಪನಿಯ ಕೆಲಸ ಬೇಡ ಅಂದೆ ಎಂದು ಬರೆದಿದ್ದೀಯ. ನಂಬಬೇಕೆಂದು ಮನಸ್ಸಿದೆ. ಆದರೆ ಊರು ನನ್ನನ್ನು ಮಾತುಕತೆಯ ಚಾಪೆಯ ಮೇಲೆ ಕೂರಿಸಿದ್ದು ನಂಬಲಿಕ್ಕಲ್ಲ. ಅವತ್ತು ನನ್ನನ್ನು ಅಕ್ಕ ಎಂದು ಕರೆಯಬೇಡ. ನಾನೂ ನಿನ್ನನ್ನು ಎನೋಸ್ ಕವಾರು ಎಂದು ಅಪ್ಪನ ಹೆಸರು ಸೇರಿಸಿ ಕರೆಯುತ್ತೇನೆ. ನೀನು ಹೇಳುವ ಒಂದೊಂದು ಮಾತನ್ನೂ ತಿರುಗಿಸಿ ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬಾರದು. ನೀನೂ ನನ್ನನ್ನು ಸುಲಭಕ್ಕೆ ಬಿಡಬೇಡ. ಬಿಟ್ಟರೆ ಊರವರಿಗೆ ಇಬ್ಬರ ಮೇಲೂ ಅನುಮಾನ ಬರುತ್ತದೆ.

ನನ್ನ ಮನೆಯಲ್ಲಿ ಇಳಿದುಕೊಳ್ಳುವುದು ಬೇಡ, ಪಾದ್ರಿಗಳ ಮನೆಯಲ್ಲಿ ಇಳಿದುಕೋ. ಮಕ್ಕಳನ್ನು ಕರೆದುಕೊಂಡು ಬಾ, ಅವರು ನನ್ನ ಹತ್ತಿರ ಇರಲಿ. ಅವರಿಗೆ ಯಾವ ಕಡೆಯೂ ಇಲ್ಲ.

ಮಾತು ಮುಗಿದು ಎಲ್ಲರೂ ಎದ್ದ ಮೇಲೆ ಊಟಕ್ಕೆ ಬಾ. ಹೊಸ ಸಾಗೋ ಹಿಟ್ಟು ಇದೆ, ಮೀನೂ ಇರುತ್ತದೆ. ಮುಗಿಯುವ ಮೊದಲು ಬಂದರೆ, ನೋಡು, ನಾನು ಬಾಗಿಲು ತೆಗೆಯುವುದಿಲ್ಲ.

ಯಾಬೆರೊ ನೆಲದ ಒಡೆಯರ ಪರವಾಗಿ,
ಡೋರ್ಕಸ್ ಹೆರೆರೆ